ಬಲಗಿವಿಯ ತಂತಿ

ನಮ್ಮಜ್ಜಿ ಮೆಷಿನ್ ಕೆಡಿಸಿದಳು ಎಂದು ನೀವಿಬ್ಬರೂ ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದೀರಿ. ಮೊನ್ನೆ ಚಳ್ಳಕೆರೆ ಸಂತೆಯಲ್ಲಿ ನಿಮ್ಮ ಟೀಚರು ಎದುರಾದವರು ನನ್ನ ಮುಖ ನೋಡಿ ನಕ್ಕರು. ಏನು ಹೇಳಬೇಕೋ ತಿಳಿಯದೆ ಬದನೆಕಾಯಿ ಆರಿಸುವವಳ ಹಾಗೆ ಬಗ್ಗಿದೆ. ಅವರು ಹೋಗುವ ತನಕ ಆರಿಸುತ್ತಲೇ ಇದ್ದೆ. ಕೊನೆಗೆ ಬುಟ್ಟಿ ತುಂಬಿತು. ದಿನಾ ಬದನೆಕಾಯಿ ಯಾಕಜ್ಜಿ ಎಂದು ನೀವು ಮುಖ ಸಿಂಡರಿಸಿದ್ದಿರಲ್ಲ, ಕಾರಣ ನೀವೇ.

ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡೋಣ ಎನಿಸಿತು. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು. ಎದುರಿಗೆ ನಾಲ್ಕು ಜನ ಕೂತರೆ ಸಾಕು, ನನ್ನ ಮಾತು ಅಡುಗೆಮನೆಗೆ ಓಡಿಹೋಗುತ್ತದೆ. ಬಿ.ಜಿ. ಕೆರೆಯ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಕಲಿತ ಅಕ್ಷರ ಮಾತ್ರ ಹಾಗೆ ಓಡಿಹೋಗಲಿಲ್ಲ. ಕೈಗೆ ಪೆನ್ನು ಕೊಟ್ಟರೆ ನಾನು ಸ್ವಲ್ಪ ಧೈರ್ಯದವಳು.

ನಿಮ್ಮವ್ವ ಓದಿದ್ದು ಮನಸ್ಸಿನ ವಿದ್ಯೆ ಎಂಬುದು ನಿಮಗೆ ಗೊತ್ತು. ಅದರ ಮೇಲೆ ಇನ್ನೊಂದು ಕೆಲಸ ಕಲಿಯಲು ಹೊರಟಳು. ತಲೆಗೆ ಸಣ್ಣ ತಂತಿ ಅಂಟಿಸಿ, ಮಿದುಳಿನ ಅಲೆ ಹೇಗೆ ಏಳುತ್ತದೆ, ಹೇಗೆ ಇಳಿಯುತ್ತದೆ ಎಂದು ಕಂಪ್ಯೂಟರಿನ ತೆರೆಯ ಮೇಲೆ ಆ ತಲೆಯ ಯಜಮಾನರಿಗೇ ತೋರಿಸುವುದು. ನೋಡುತ್ತ ನೋಡುತ್ತ ಅವರು ಮನಸ್ಸನ್ನು ತಾವೇ ತಹಬಂದಿಗೆ ತಂದುಕೊಳ್ಳಲು ಕಲಿಯಬೇಕು. ಗಮನ ನಿಲ್ಲದವರು, ನಿದ್ದೆ ಕೆಟ್ಟವರು ಬರುತ್ತಾರೆ. ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಇಲ್ಲ. ಇದು ಮಂತ್ರವಲ್ಲ ಎಂದು ಬಂದವರಿಗೆಲ್ಲ ಮೊದಲೇ ಹೇಳುತ್ತಿದ್ದಳು. ನನಗಂತೂ ಮಂತ್ರ ಎಂದಿದ್ದರೆ ಬೇಗ ಅರ್ಥವಾಗುತ್ತಿತ್ತು.

ಕಲಿಸುವ ಮೇಷ್ಟ್ರು ಇದ್ದದ್ದು ದಾವಣಗೆರೆಯಲ್ಲಿ. ವಾರಕ್ಕೆರಡು ಸಲ ನಿಮ್ಮವ್ವ ಮೊದಲ ಬಸ್ಸಿಗೆ ಹೋಗುವಳು. ಅವಳು ಹೊರಟಾಗ ನೀವು ಎದ್ದಿರುತ್ತಿರಲಿಲ್ಲ, ಬರುವ ಹೊತ್ತಿಗೆ ಊಟ ಮಾಡಿ ತೂಕಡಿಸುತ್ತಿದ್ದಿರಿ. ಚಿಕ್ಕವಳು ಒಂದು ದಿನ, "ಅವ್ವ ದಾವಣಗೆರೇಲೇ ಇರ್ತಾಳಾ, ಇಲ್ಲಿಗೆ ಊಟಕ್ಕೆ ಮಾತ್ರ ಬರ್ತಾಳಾ?" ಎಂದು ಕೇಳಿದ್ದಳು. ನಿಮ್ಮವ್ವ ನಕ್ಕಳು. ಆಮೇಲೆ ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ತುಂಬ ಹೊತ್ತು ಬರಲಿಲ್ಲ. ಅಂಥ ನೆಪಗಳ ಬಗ್ಗೆ ನನಗೆ ಚೆನ್ನಾಗಿ ಗೊತ್ತು.

ಬಳ್ಳಾರಿ ರಸ್ತೆಯಲ್ಲಿ ಎಣ್ಣೆ ಗಾಣದ ಮಹಡಿಯ ಮೇಲಿನ ಕೋಣೆಯನ್ನು ಅವಳು ಅಷ್ಟರಲ್ಲಿ ಹಿಡಿದಿದ್ದಳು. ಸುಣ್ಣ ಹೊಡೆಸಿ, ಕುರ್ಚಿ ಹಾಕಿಸಿ, ಯಂತ್ರವನ್ನೂ ತಂದಿಟ್ಟಿದ್ದಳು. ಆದರೆ ಒಬ್ಬಳೇ ಕೂತು ಕೆಲಸ ಮಾಡಲು ಮೇಷ್ಟ್ರ ಒಪ್ಪಿಗೆ ಬೇಕು. ಅವರು ಚಳ್ಳಕೆರೆಗೇ ಬಂದು ನೋಡುತ್ತೇನೆ ಎಂದರು. ಅವರ ಮುಂದೆ ಒಬ್ಬರ ತಲೆಗೆ ತಂತಿ ಇಟ್ಟು, ಯಾವ ತಂತಿ ಎಲ್ಲಿ, ಯಾಕೆ ಅಲ್ಲಿ ಎಂದು ತೀರ್ಮಾನಿಸಿ, ನಂಬಬಹುದಾದಂಥ ಅಲೆಯ ಗೆರೆ ತೆಗೆದು ತೋರಿಸಬೇಕು. ಒಪ್ಪಿದರೆ ಕೋಣೆ ಅವಳದು. ಒಪ್ಪದಿದ್ದರೆ ಇನ್ನೊಂದು ವರ್ಷ ದಾವಣಗೆರೆ ಬಸ್ಸು.

ತಲೆ ಯಾರದು ಎಂಬ ಪ್ರಶ್ನೆ ಬಂತು. ಪಕ್ಕದ ಮನೆಯವರು ಕರೆಂಟು ಹೊಡೆದರೆ ಎಂದು ಹೆದರಿದರು. ನಿಮ್ಮಪ್ಪ ಆ ದಿನ ರಾಂಪುರದ ಕಡೆ ಕೆಲಸಕ್ಕೆ ಹೋಗಬೇಕಿತ್ತು. ಉಳಿದದ್ದು ನನ್ನ ತಲೆ. ಅದಕ್ಕೆ ಬೇರೆ ಕೆಲಸವೇನೂ ಇರಲಿಲ್ಲ.

"ಅತ್ತೆ, ನೀವು ಸುಮ್ನೆ ಕುಂತ್ರೆ ಸಾಕು. ಮಾತಾಡೋದೇ ಬೇಡ," ಎಂದಳು.

ಮಾತಾಡುವುದೇ ಬೇಡ ಎಂದ ಮೇಲೆ ನನಗಿಂತ ಯೋಗ್ಯರು ಯಾರು? ಒಪ್ಪಿಕೊಂಡೆ.

ನನ್ನ ಮೊದಲ ತಪ್ಪು ಎಣ್ಣೆಯದು. ತಲೆ ನೋಡಲು ದಾವಣಗೆರೆಯಿಂದ ಒಬ್ಬರು ಬರುತ್ತಾರಲ್ಲ, ಒರಟು ತಲೆ ತೋರಿಸಿದರೆ ಮನೆತನದ ಮರ್ಯಾದೆ ಏನಾಗಬೇಕು? ಬೆಳಗ್ಗೆ ಎದ್ದವಳೇ ಕೊಬ್ಬರಿ ಎಣ್ಣೆ ಬಟ್ಟಲನ್ನು ಬಿಸಿಲಿಗಿಟ್ಟು ಕರಗಿಸಿ ಧಾರಾಳವಾಗಿ ಹಚ್ಚಿ, ಬಿಗಿಯಾಗಿ ತುರುಬು ಕಟ್ಟಿದೆ. ನಿಮ್ಮವ್ವ ನೋಡಿ ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ ಅತ್ತೆ! ಎಣ್ಣೆ ಇದ್ರೆ ತಂತಿ ಹಿಡಿಯಲ್ಲ. ನಿನ್ನೆ ರಾತ್ರೀನೇ ಹೇಳಿದ್ನಲ್ಲ!"

ಹೇಳಿದ್ದಳು. ಹೂಂ ಎಂದೂ ಅಂದಿದ್ದೆ. ನಾನು ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ.

ಸೀಗೆಕಾಯಿ ಹಾಕಿ ಅವಳೇ ತಲೆ ಉಜ್ಜಿದಳು. ನನ್ನ ಅಕ್ಕ, ನಿಮಗೆ ಮೊಳಕಾಲ್ಮುರು ಅಜ್ಜಿ, ಅಷ್ಟರಲ್ಲಿ ಬಂದಿಳಿದಳು. ಅಲ್ಲಿ ರೇಷ್ಮೆ ಮಗ್ಗದ ಮನೆಗಳಿಗೆ ನೂಲು ಸುತ್ತಿಕೊಡುವವಳು, ಆ ದಿನ ಕೆಲಸ ಬಿಟ್ಟು ಬಂದಿದ್ದಳು. ತಂಗಿಯ ತಲೆಯಲ್ಲಿ ಏನಿದೆ ಎಂದು ನೋಡುವ ಅವಕಾಶವನ್ನು ಅವಳು ಬಿಡುವಳೇ? ಬಚ್ಚಲ ಬಾಗಿಲಲ್ಲಿ ನಿಂತು, "ಕುರಿಗೆ ಉಣ್ಣೆ ಕತ್ತರಿಸೋಕೆ ಮುಂಚೆ ಹೊಳೆಗೆ ಇಳಿಸ್ತಾರಲ್ಲ, ಹಂಗೇ ಆಯ್ತು ಬಿಡು," ಎಂದಳು.

ಕೋಣೆಗೆ ಹೋಗಿ ಮೇಷ್ಟ್ರು ಬರುವ ಮುಂಚೆ ಒಂದು ಸಲ ಹಾಕಿ ನೋಡಿದೆವು. ಮೂರು ತಂತಿ. ಒಂದು ನೆತ್ತಿಯಿಂದ ಸ್ವಲ್ಪ ಹಿಂದೆ, ಅದು ಕೇಳಿಸಿಕೊಳ್ಳುವ ತಂತಿ. ಒಂದು ಹಣೆಗೆ, ಮನೆಯ ಕರೆಂಟಿಗೆ ಅರ್ಥಿಂಗ್ ಇರುತ್ತದಲ್ಲ, ಹಾಗೆ ಅದು ಭೂಮಿಯ ತಂತಿಯಂತೆ. ಮೂರನೆಯದಕ್ಕೆ ರೆಫರೆನ್ಸ್ ಎಂದು ಹೆಸರು.

"ಒಂದೇ ತಂತಿ ಏನೂ ಹೇಳಲ್ಲ ಅತ್ತೆ," ಎಂದು ನಿಮ್ಮವ್ವ ವಿವರಿಸಿದಳು. "ಈ ಜಾಗ ಆ ಜಾಗಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಮ್ಮಿ, ಅಷ್ಟೇ ಮೆಷಿನ್‌ಗೆ ಗೊತ್ತಾಗೋದು. ಅದಕ್ಕೆ ಆ ಇನ್ನೊಂದು ಜಾಗ ಸುಮ್ನಿರೋ ಜಾಗ ಆಗ್ಬೇಕು. ಕಿವಿ ಹಾಲೆ ಒಳ್ಳೇದು. ಅಲ್ಲಿ ಎಳೆಯೋ ಮಾಂಸಖಂಡ ಇಲ್ಲ, ಮಿದುಳೂ ದೂರ."

ನನ್ನ ಮೈಯಲ್ಲಿ ಸುಮ್ಮನಿರುವ ಜಾಗ ಕಿವಿ ಎಂಬುದು ನನಗೆ ಹೊಸ ಸುದ್ದಿ. ಮಾತು ಬಾರದವರಿಗೆ ಕಿವಿಯೇ ದುಡಿಯುವುದು. ನಾಲ್ಕು ಮನೆಯ ಜಗಳ ನಮ್ಮ ಅಡುಗೆಮನೆಯಲ್ಲಿ ನಿಂತೇ ನನಗೆ ಗೊತ್ತಾಗುತ್ತದೆ.

ಎಡಗಿವಿಯ ಹಾಲೆ ಹರಿದು ಎರಡಾಗಿದೆ. ಅದು ನಿಮ್ಮಪ್ಪನ ಕೆಲಸ. ಕಂಕುಳಲ್ಲಿದ್ದ ಕೂಸು ಓಲೆ ಹಿಡಿದು ಜೋತುಬಿದ್ದಿತ್ತು. ಕ್ಲಿಪ್ಪು ಅಲ್ಲಿ ನಿಲ್ಲಲಿಲ್ಲ. ಬಲಗಿವಿಗೆ ಹಾಕಿದಳು. ಕ್ಲಿಪ್ಪು ಕಂಡೊಡನೆ ನಾನು ತಲೆ ಹಿಂದಕ್ಕೆಳೆದೆ. ನನ್ನ ತವರಿನಲ್ಲಿ ಮರಿಗಳ ಕಿವಿಗೆ ಕತ್ತರಿ ಹಾಕಿ ಗುರುತು ಮಾಡುವಾಗ ಹಿಡಿದುಕೊಳ್ಳುತ್ತಿದ್ದವಳು ನಾನೇ. ಮರಿಗಳು ಈಗ ನನ್ನನ್ನು ನೋಡಬೇಕಿತ್ತು.

ತೆರೆಯ ಮೇಲೆ ಒಂದು ಗೆರೆ ಸಣ್ಣಗೆ ಅಲುಗುತ್ತ ಓಡಿತು. ಅದರ ಪಕ್ಕದಲ್ಲಿ ನೀರು, ನೀರಿನ ಮೇಲೆ ದೋಣಿ. ಮನಸ್ಸು ತಿಳಿಯಾದರೆ ದೋಣಿ ಮುಂದಕ್ಕೆ ಹೋಗಬೇಕು. ನಾನು ಹುಟ್ಟಿದ್ದು ಬೆಳೆದದ್ದು ನೀರಿಲ್ಲದ ಸೀಮೆಯಲ್ಲಿ, ದೋಣಿ ಹತ್ತಿದವಳಲ್ಲ. ಆದರೂ ಅದು ಹೋಯಿತು. "ಈಗ ಕಣ್ಮುಚ್ಚಿ," ಎಂದಳು. ಮುಚ್ಚಿದೆ. ಆಗ ಗೆರೆಯಲ್ಲಿ ದೊಡ್ಡ ದೊಡ್ಡ ಅಲೆ ಎದ್ದವಂತೆ. ಕಣ್ಣು ಮುಚ್ಚಿದರೆ ಹಾಗೆ ಏಳಬೇಕಂತೆ. ನಿಮ್ಮವ್ವನ ಮುಖ ಹಬ್ಬದ ದಿನದ ಹಾಗಿತ್ತು.

ಆಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ಮೇಷ್ಟ್ರು ನರೆಗೂದಲಿನ, ಮೆಲುಮಾತಿನ ಮನುಷ್ಯ. "ನಮಸ್ಕಾರ ಅಮ್ಮಾ," ಎಂದರು. ನಾನು ಗೋಡೆಯ ಕಡೆ ತಿರುಗಿದೆ. ನನ್ನ ತಲೆ ಬೆತ್ತಲೆ, ಕೂದಲು ಬಿಚ್ಚಿದೆ, ಪರ ಗಂಡಸು ಎರಡು ಮಾರು ದೂರದಲ್ಲಿ. ಸೆರಗನ್ನು ತಲೆಗೆ ಹಾಕೋಣವೆಂದರೆ ಅಲ್ಲಿ ತಂತಿ. ಕತ್ತಿನ ಸುತ್ತ ತಂದು, ಅಂಚನ್ನು ಹಲ್ಲಿಗೆ ಕೊಟ್ಟೆ.

ಇದು ನಿಮಗೆ ವಿಚಿತ್ರ ಎನಿಸಬಹುದು. ನಮ್ಮ ಕಾಲದಲ್ಲಿ ಹೆಂಗಸರ ಕೈಗೆ ಬಿಡುವೇ ಇರುತ್ತಿರಲಿಲ್ಲ. ಸೊಂಟದಲ್ಲಿ ಕೊಡ, ಕೈಯಲ್ಲಿ ಕೂಸು, ಆಗಲೇ ದಾರಿಯಲ್ಲಿ ಭಾವನೋರು ಎದುರಾಗುವರು. ಸೆರಗು ಜಾರದಂತೆ ಹಿಡಿಯಲು ಉಳಿದಿರುವುದು ಹಲ್ಲು ಮಾತ್ರ. ಮದುವೆಯಾದ ವರ್ಷ ಶುರುವಾದದ್ದು, ಈಗ ಗಂಡಸರ ಚಪ್ಪಲಿ ಸದ್ದು ಕೇಳಿದರೆ ಸೆರಗು ತಾನಾಗಿ ಬಾಯಿಗೆ ಬರುತ್ತದೆ. ನಿಮ್ಮ ತಾತ ತೀರಿಕೊಂಡ ಮೇಲೆ ಇನ್ನೂ ಹೆಚ್ಚಾಯಿತು. ನಿಮ್ಮವ್ವ ಸೊಸೆಯಾಗಿ ಬಂದಾಗಿನಿಂದ ನೋಡಿ ನೋಡಿ, ಅದು ನನ್ನ ಮೂಗಿನ ಹಾಗೆ ಮುಖದ ಒಂದು ಭಾಗ ಎಂದುಕೊಂಡಿದ್ದಳೇನೋ. ಆ ದಿನ ಅದು ಅವಳ ಕಣ್ಣಿಗೇ ಬೀಳಲಿಲ್ಲ. ಮೇಷ್ಟ್ರೋ, ನಾಚುವ ಹೆಂಗಸನ್ನು ದಿಟ್ಟಿಸಬಾರದೆಂಬ ಸೌಜನ್ಯದಿಂದ ನನಗೆ ಬೆನ್ನು ಮಾಡಿ ತೆರೆಯ ಕಡೆ ಕೂತರು. ಅಕ್ಕ ಹಿಂದಿನ ಬೆಂಚಿನಲ್ಲಿದ್ದಳು.

ಗೆರೆ ಹುಚ್ಚು ಹಿಡಿದ ಹಾಗೆ ಕುಣಿಯತೊಡಗಿತು. ದಪ್ಪ, ಒರಟು, ಕಂಬಳಿಯ ಜುಂಗಿನ ಹಾಗೆ. ದೋಣಿ ನಿಂತಲ್ಲೇ ನಿಂತಿತು.

"ಇದೇನಮ್ಮಾ?" ಎಂದರು ಮೇಷ್ಟ್ರು.

"ಈಗ ತಾನೆ ಚೆನ್ನಾಗಿತ್ತು ಸರ್." ನಿಮ್ಮವ್ವನ ದನಿ ಸಣ್ಣದಾಯಿತು.

ಅವರು ತಿರುಗದೆಯೇ, "ಅಮ್ಮಾ, ಒಂದ್ಸಲ ಹಲ್ಲು ಕಚ್ಚಿ," ಎಂದರು.

ನಾನು ಕಚ್ಚಿಕೊಂಡೇ ಇದ್ದೆ. ಮುದುಕಿಗೆ ಹಲ್ಲು ಉಳಿದಿವೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ.

"ಈಗ ಬಿಡಿ."

ಬಿಟ್ಟರೆ ಸೆರಗು ಬೀಳುತ್ತದೆ. ಬಿಡಲಿಲ್ಲ. ಅಷ್ಟು ದೂರದಿಂದ ಬಂದವರು ನನ್ನ ಹಲ್ಲಿನ ಬಗ್ಗೆ ಇದಕ್ಕಿಂತ ಹೆಚ್ಚು ತಿಳಿದುಕೊಳ್ಳುವುದು ಬೇಡ.

ಅವರು ಇಂಗ್ಲಿಷಿನಲ್ಲಿ ನಿಮ್ಮವ್ವನಿಗೆ ಏನೋ ಹೇಳಿದರು. ಏನು ಹೇಳಿದರೆಂದು ಆಮೇಲೆ ಗೊತ್ತಾಯಿತು. ಇದು ದವಡೆಯ ಗಲಾಟೆಯ ಹಾಗೆ ಕಾಣುತ್ತದೆ, ಆದರೆ ಕಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಹಾಗಾಗಿ ದವಡೆಯದ್ದಲ್ಲ, ಬೇರೆ ಏನೋ ಇದೆ ಎಂದಿದ್ದರು. ಹೀಗೆ ಅಷ್ಟು ಓದಿದವರನ್ನು ನಾನು ಒಂದು ಮಾತೂ ಆಡದೆ ದಾರಿ ತಪ್ಪಿಸಿದೆ.

ಬೇರೆ ಏನೋ ಎಂದರೆ ಕೆಳಗಿನ ಗಾಣದ ಮೋಟರು ಇರಬಹುದು ಎಂದಾಯಿತು. ಅದನ್ನು ನಿಲ್ಲಿಸಲು ಅಕ್ಕ ಇಳಿದು ಹೋದಳು. ಗಾಣದ ಸಾಬರ ಜೊತೆ ಅವಳಾಡಿದ್ದೆಲ್ಲ ಕಿಟಕಿಯಿಂದ ಕೇಳಿಸುತ್ತಿತ್ತು.

"ಏಯ್ ಸಾಬ್ರೇ, ಗಾಣ ಬಂದ್ ಮಾಡಪ್ಪ. ಮ್ಯಾಲೆ ನನ್ ತಂಗಿ ತಲೆ ಓದ್ತಾ ಅವ್ರೆ."

"ಶೇಂಗಾ ಹಾಕಿದ್ದೀನಜ್ಜಿ. ನಡುವೆ ಹೆಂಗ್ ನಿಲ್ಸೋದು?"

"ದಿನಾ ಗಿರಾಕಿಗಳಿಗೆ ಜರಾ ಠೈರೋ, ಜರಾ ಠೈರೋ ಅಂತೀಯಲ್ಲ, ಈವತ್ತು ನೀನೂ ಠೈರು, ಒಸಿ ತಡ್ಕಾ."

"ಸರಿ ಸರಿ. ತಲೇಲಿ ಏನೈತೆ ಅಂತ ಗೊತ್ತಾದ್ರೆ ನಂಗೂ ಹೇಳು."

"ಏನೂ ಇರಾಕಿಲ್ಲ. ಅದು ನಂಗೆ ಸಣ್ಣೋಳಿದ್ದಾಗಿಂದ ಗೊತ್ತು."

ಮೋಟರು ನಿಂತಿತು. ಬೀದಿಯೆಲ್ಲ ಮೌನವಾಯಿತು. ಗೆರೆ ಮಾತ್ರ ಇನ್ನೂ ಜಾಸ್ತಿ ಕುಣಿಯಿತು, ಯಾಕೆಂದರೆ ಆ ಮಾತೆಲ್ಲ ಮೇಷ್ಟ್ರೂ ಕೇಳಿಸಿಕೊಂಡರೆಂಬ ನಾಚಿಕೆಗೆ ನಾನು ಇನ್ನೂ ಗಟ್ಟಿಯಾಗಿ ಕಚ್ಚಿದ್ದೆ.

ಆಮೇಲೆ ರೆಫರೆನ್ಸ್ ತಂತಿಯ ಮೆರವಣಿಗೆ ಶುರುವಾಯಿತು. ಕಿವಿ ಹಾಲೆಯಿಂದ ತೆಗೆದು ಕಿವಿಯ ಹಿಂದಿನ ಮೂಳೆಗೆ ಅಂಟಿಸಿದಳು. ಅದೇ ಗಲಾಟೆ. ದವಡೆಯ ಸ್ನಾಯು ಅಲ್ಲಿಗೂ ಹತ್ತಿರವೇ ಅಲ್ಲವೇ? ಮೂಗಿನ ತುದಿಗೂ ಹಾಕುವುದುಂಟು ಎಂದು ಮೇಷ್ಟ್ರು ಹೇಳಿದರು. ಮೇಲೆ ಬಂದು ಕೂತಿದ್ದ ಅಕ್ಕ, "ಮೂಗುದಾರನೂ ಹಾಕ್ತಾರಾ? ಸರ್ಲೇ, ಹಾಕ್ಲಿ ಬಿಡೇ, ಈ ವಯಸ್ಸಿಗಾದ್ರೂ ಹೇಳ್ದಂಗೆ ಕೇಳ್ತೀಯ," ಎಂದು ತನ್ನ ಮೊಳಕಾಲ್ಮುರಿನ ತೆಲುಗು ಬೆರೆಸಿ ಕಿಸಕ್ಕನೆ ನಕ್ಕಳು. ಮೂಗು ಬೇಡವೆಂದು ನಿಮ್ಮವ್ವ ಬಿಟ್ಟಳು. ಅವಳ ಬೆರಳು ನನ್ನ ಕಿವಿಗೆ ತಾಗಿದಾಗ ತಣ್ಣಗಿತ್ತು. ಬೆವರಿತ್ತು.

ಕೊನೆಗೆ ಆ ತಂತಿಯನ್ನು ತಲೆಯ ಮೇಲೆಯೇ, ಕೇಳಿಸಿಕೊಳ್ಳುವ ತಂತಿಯ ಪಕ್ಕಕ್ಕೆ ಅಂಟಿಸಿ ನೋಡಿದಳು. ಗೆರೆ ಥಟ್ಟನೆ ಶಾಂತವಾಯಿತು. ದೋಣಿ ಸರಸರನೆ ಹೊರಟಿತು.

"ಹೋಯ್ತು ನೋಡೇ!" ಎಂದಳು ಅಕ್ಕ, ದೋಣಿಗೆ ತಾನೇ ಹುಟ್ಟು ಹಾಕಿದವಳ ಹಾಗೆ.

ನನಗೂ ಉಸಿರು ಬಂತು. ನನ್ನ ತಲೆ ಅಷ್ಟೊಂದು ಕೆಟ್ಟದ್ದಲ್ಲ ಎಂದು ಹೆಮ್ಮೆಯೂ ಆಯಿತು. ಮೇಷ್ಟ್ರು ಮಾತ್ರ ಹಿಗ್ಗಲಿಲ್ಲ. "ಸರಿ. ಇದನ್ನೇ ಇಟ್ಕೋತೀಯಾ?" ಎಂದು ನಿಮ್ಮವ್ವನನ್ನು ಕೇಳಿದರು.

ಹೂಂ ಎನ್ನು ಮಗಳೇ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಗೆರೆ ಚೆಂದವಿದೆ, ದೋಣಿ ಓಡುತ್ತಿದೆ, ಹೂಂ ಎಂದುಬಿಡು, ಮುಗಿಯಲಿ. ಅವಳು ತೆರೆಯ ಹತ್ತಿರ ಬಗ್ಗಿ ಗೆರೆಯನ್ನು ನೋಡಿದಳು. ಆಮೇಲೆ, "ಅತ್ತೆ, ಕಣ್ಮುಚ್ಚಿ," ಎಂದಳು.

ಮುಚ್ಚಿದೆ.

"ಬೇಡ ಸರ್," ಎಂಬ ದನಿ ಕೇಳಿಸಿತು. "ಕಣ್ಮುಚ್ಚಿದ್ರೂ ಅಲೆ ಏಳ್ತಿಲ್ಲ. ಮೊದ್ಲು ಕಿವಿಗೆ ಹಾಕಿದ್ದಾಗ ಚೆನ್ನಾಗಿ ಎದ್ದಿತ್ತು. ಎರಡೂ ತಂತಿ ಅಕ್ಕಪಕ್ಕ ಇರೋದ್ರಿಂದ ಗಲಾಟೆ ಜೊತೆಗೆ ಅಲೇನೂ ಹೊಡೆದುಹೋಗೈತೆ. ಇದು ಚೆಂದ ಕಾಣ್ತೈತೆ, ಏನೂ ಹೇಳಲ್ಲ."

ಇದು ನನಗೆ ಅರ್ಥವಾದದ್ದು ಹೀಗೆ. ಕೆರೆಗೆ ನೀರು ಎಷ್ಟು ಬಂತು ಎಂದು ನೋಡಲು ನಾವು ತೂಬಿನ ಕಲ್ಲನ್ನು ನೋಡುತ್ತೇವೆ. ಕಲ್ಲು ಅಲುಗದೆ ನಿಂತಿರುವುದರಿಂದಲೇ ನೀರು ಏರಿದ್ದು, ಇಳಿದದ್ದು ತಿಳಿಯುವುದು. ಕಲ್ಲಿನ ಬದಲು ನೀರಿನ ಮೇಲೆ ತೇಲುವ ಕೊಡವನ್ನು ಗುರುತು ಮಾಡಿಕೊಂಡರೆ, ಕೆರೆ ಕೋಡಿ ಬಿದ್ದರೂ ಒಣಗುವಷ್ಟು ಇಳಿದರೂ ನೀರು ಕೊಡದ ಮಟ್ಟಕ್ಕೇ ಇರುತ್ತದೆ. ಹೊಗಳಿಕೊಂಡೆನಲ್ಲ, ನನ್ನ ತಲೆ ಶಾಂತವಾಯಿತೆಂದು. ನಾನು ನೋಡುತ್ತಿದ್ದದ್ದು ತೇಲುವ ಕೊಡವನ್ನು.

"ಹಂಗಾದ್ರೆ ಏನ್ ಮಾಡ್ತೀಯ?" ಎಂದರು ಮೇಷ್ಟ್ರು.

ನಿಮ್ಮವ್ವ ತಂತಿಯನ್ನು ಬಿಡಿಸಿ, ಮತ್ತೆ ಬಲಗಿವಿಗೆ ಕ್ಲಿಪ್ಪು ಹಾಕಿದಳು. ಗೆರೆ ಮತ್ತೆ ಜುಂಗು ಜುಂಗಾಯಿತು. ಅವಳ ಕಣ್ಣು ತೆರೆಯಿಂದ ಯಂತ್ರಕ್ಕೆ, ಯಂತ್ರದಿಂದ ಬಾಗಿಲಿಗೆ ಹೋಯಿತು.

"ಸರ್, ಆಗ್ಲಿಗೂ ಈಗ್ಲಿಗೂ ಈ ರೂಮಿನಾಗೆ ಬದಲಾಗಿರೋದು ಒಂದೇ."

"ಏನು?"

"ನೀವು ಬಂದಿದ್ದೀರಿ." ಎಂದಳು. "ತಪ್ಪು ತಿಳ್ಕೋಬೇಡಿ ಸರ್. ಸ್ವಲ್ಪ ಹೊರಗೆ ಹೋಗ್ತೀರಾ?"

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಪರೀಕ್ಷೆ ಮಾಡಲು ಬಂದವರನ್ನು ಹೊರಗೆ ಹೋಗಿ ಎನ್ನುವುದೇ! ಅಕ್ಕ ಕೂಡ ಬಾಯಿ ಮುಚ್ಚಿಕೊಂಡಳು. ಅದು ಮತ್ತೆ ನಡೆದದ್ದನ್ನು ನಾನು ಕಂಡಿಲ್ಲ. ಮೇಷ್ಟ್ರು ಸುಮ್ಮನೆ ಎದ್ದರು. ಬಾಗಿಲು ಮುಚ್ಚಿತು, ಬೂಟಿನ ಸದ್ದು ಮೆಟ್ಟಿಲ ಕಡೆ ಹೋಯಿತು.

ಸೆರಗು ನನ್ನ ಬಾಯಿಂದ ತಾನಾಗಿ ಜಾರಿತು.

ಗೆರೆ ನುಣ್ಣಗಾಯಿತು.

ನಿಮ್ಮವ್ವ ತೆರೆ ನೋಡಿದಳು, ನನ್ನನ್ನು ನೋಡಿದಳು. ನನ್ನ ಮಡಿಲಿಗೆ ಬಿದ್ದಿದ್ದ ಸೆರಗಿನ ಅಂಚನ್ನು ಕೈಯಲ್ಲಿ ಎತ್ತಿಕೊಂಡಳು. ಅದು ಹಸಿಯಾಗಿತ್ತು, ಹಲ್ಲಿನ ಗುರುತುಗಳು ಸಾಲಾಗಿ ಮೂಡಿದ್ದವು.

"ಅತ್ತೆ," ಎಂದಳು. "ಆಗ್ಲಿಂದ ಇದನ್ನ ಕಚ್ಕಂಡಿದ್ರಾ?"

ಹೂಂ ಎಂದೆ. ಈ ಹೂಂಗೆ ಮಾತ್ರ ಸರಿಯಾದ ಅರ್ಥವಿತ್ತು.

"ಸರ್ ಬಿಡಿ ಅಂದಾಗ ಯಾಕೆ ಬಿಡ್ಲಿಲ್ಲ?"

"ಬಿಟ್ರೆ ಬೀಳ್ತಿತ್ತಲ್ಲವ್ವ. ಗಂಡಸ್ರು ಬಂದಿದ್ರು. ತಲೆ ಮ್ಯಾಲೆ ಹಾಕ್ಕಳ್ಳಾನ ಅಂದ್ರೆ ನಿನ್ ತಂತಿ ಅದಾವೆ."

"ತಂತಿ ಮ್ಯಾಲೆ ಬಟ್ಟೆ ಹಾಕ್ಬಾರ್ದು ಅಂತ ಯಾರ್ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾನೇ ತೀರ್ಮಾನಿಸಿದ್ದೆ. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆ ಒಂದು ಮಾತು ಕೇಳಲು ನಾಚಿಕೆಪಟ್ಟು ಒಂದು ಗಾಣ ನಿಲ್ಲಿಸಿ, ತಂತಿಯನ್ನು ತಲೆಯ ಸುತ್ತ ಯಾತ್ರೆ ಮಾಡಿಸಿ, ದಾವಣಗೆರೆಯ ಮೇಷ್ಟ್ರನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ್ದೆ. ಅಕ್ಕನಿಗೆ ಆಗ ಅರ್ಥವಾಯಿತು. ಬೆಂಚಿನ ಮೇಲೆ ಅಡ್ಡಬಿದ್ದು ನಗಲು ಶುರುಮಾಡಿದಳು. "ಮೇಕೆ! ಮೇಕೆ ಕಣೇ ನೀನು! ಒಣಗಾಕಿದ ಬಟ್ಟೆ ಮೇಯೋ ಮೇಕೆ!"

ನಿಮ್ಮವ್ವ ನಗಲಿಲ್ಲ. ಸೆರಗನ್ನು ಬಿಡಿಸಿ, ತಂತಿಗಳ ಮೇಲೆ ಹಗುರವಾಗಿ ಹೊದಿಸಿ, ಗದ್ದದ ಕೆಳಗೆ ತನ್ನ ಸೀರೆಯ ಪಿನ್ನು ತೆಗೆದು ಚುಚ್ಚಿದಳು. "ಈಗ ಬೀಳಲ್ಲ ಅತ್ತೆ. ಬಾಯಿ ಸಡ್ಲ ಬಿಡಿ. ಸರ್ ಒಳಗೆ ಬಂದ್ಮೇಲೂ ಬಿಟ್ಕಂಡೇ ಇರ್ಬೇಕು. ಆಗುತ್ತಾ?" ಎಂದಳು.

ಆಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ನಲವತ್ತು ವರ್ಷದ ಅಭ್ಯಾಸ ಒಂದು ಪಿನ್ನಿಗೆ ಹೆದರುವುದೇ? ಅವಳ ಮುಖ ನೋಡಿದೆ. ದಾವಣಗೆರೆ ಬಸ್ಸಿನಿಂದ ಇಳಿದು ಬರುವಾಗ ಇರುತ್ತಿತ್ತಲ್ಲ, ಆ ಮುಖ. "ಕರಿ," ಎಂದೆ.

ಬೂಟಿನ ಸದ್ದು ಹತ್ತಿರ ಬಂತು. ನನ್ನ ದವಡೆ ತಾನಾಗಿ ಮುಚ್ಚಲು ಹೊರಟಿತು. ಅದನ್ನು ತಡೆಯಲು ನಾನು ಬಾಯನ್ನು ಚೆನ್ನಾಗಿಯೇ ತೆರೆದೆ. ನಗರದ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಸಲ ನಿಂತವರ ಹಾಗೆ ಬಾಯಿ ತೆರೆದುಕೊಂಡು ದೋಣಿಯನ್ನು ನೋಡುತ್ತ ಕೂತೆ. ಮೇಷ್ಟ್ರು ಬಂದರು, ಕೂತರು. ಗೆರೆ ಓಡುತ್ತಿತ್ತು. ನಿಮ್ಮವ್ವ, "ಹಲ್ಲು ಕಚ್ಚಿ ಅತ್ತೆ," ಎಂದಳು, ಜುಂಗೆದ್ದಿತು. "ಬಿಡಿ," ಎಂದಳು, ಇಳಿಯಿತು. "ಕಣ್ಮುಚ್ಚಿ," ಎಂದಳು. ಕಣ್ಣು ಮುಚ್ಚಿಕೊಂಡಿದ್ದರಿಂದ ಅಲೆ ಎದ್ದದ್ದನ್ನು ನಾನು ನೋಡಲಿಲ್ಲ. ಅಕ್ಕ "ಓಹೋ" ಎಂದದ್ದು ಕೇಳಿಸಿತು.

ಏನಾಗಿತ್ತು ಎಂದು ನಿಮ್ಮವ್ವ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಮರ್ಯಾದೆ ಉಳಿಸಲು ಹಾಗೆ ಮಾಡಿದಳೆಂದು ಗೊತ್ತಾಯಿತು. ಆದರೆ ಅಕ್ಕ ಇದ್ದಳಲ್ಲ, ಕನ್ನಡದಲ್ಲಿ ಪೂರ್ತಿ ಹೇಳಿದಳು, ಮೇಕೆಯನ್ನೂ ಸೇರಿಸಿ.

ಮೇಷ್ಟ್ರು ತುಂಬ ಹೊತ್ತು ನಗುವನ್ನು ತಡೆದುಕೊಂಡಿದ್ದು ಅವರ ಬೆನ್ನಿನಿಂದ ತಿಳಿಯುತ್ತಿತ್ತು. ಆಮೇಲೆ ಕೇಳಿದರು, "ರೆಫರೆನ್ಸ್ ಎಲ್ಲಿ ಇಡ್ತೀಯಮ್ಮಾ?"

"ಬಲಗಿವಿ ಸರ್. ಮೊದ್ಲು ಎಲ್ಲಿತ್ತೋ ಅಲ್ಲೇ. ಜಾಗ ಸರಿಯಾಗೇ ಇತ್ತು. ಕೂತಿರೋರಿಗೆ ನೆಮ್ಮದಿ ಇದೆಯಾ ಅಂತ ನಾನು ನೋಡ್ಲಿಲ್ಲ."

"ಆ ಚೆಂದದ ಗೆರೇನ ಇಟ್ಕೊಂಡಿದ್ರೆ ನಿನ್ನನ್ನ ವಾಪಸ್ ದಾವಣಗೆರೆಗೆ ಕರ್ಕೊಂಡ್ ಹೋಗ್ತಿದ್ದೆ," ಎಂದರು ಮೇಷ್ಟ್ರು. "ನನ್ನನ್ನ ಹೊರಗೆ ಕಳ್ಸಿದೆಯಲ್ಲ, ಅಲ್ಲಿಗೆ ನನ್ನ ಕೆಲಸ ಮುಗೀತು. ಸೋಮವಾರದಿಂದ ನೀನೇ ನಡ್ಸು. ಮೊಳಕಾಲ್ಮುರಿನ ಕಡೆಯವರಿಗೆ ದೂರ ಆಗ್ತದೆ, ವಾರಕ್ಕೊಂದಿನ ಅಲ್ಲೂ ಕೂರೋದಾದ್ರೆ ನೋಡು."

ನಿಮ್ಮವ್ವ ನನ್ನ ಹಿಂದೆ ನಿಂತು ತಂತಿ ಬಿಡಿಸತೊಡಗಿದಳು. ಒಂದು ಹನಿ ನನ್ನ ಕತ್ತಿನ ಮೇಲೆ ಬಿತ್ತು. ಅಂಟು ಒರೆಸುವ ನೀರು ಇರಬೇಕು ಎಂದು ನಾನು ತಿರುಗಿ ನೋಡಲಿಲ್ಲ.

ಹೊರಡುವಾಗ ಮೇಷ್ಟ್ರು ನನ್ನ ಕಡೆ ತಿರುಗಿ, "ಅಮ್ಮಾ, ನಿಮಗೆ ತೊಂದರೆ ಆಯ್ತು," ಎಂದರು. ಇಂಥ ಹೊತ್ತಿನಲ್ಲಿ ಏನಾದರೂ ಹೇಳಬೇಕು. ನನ್ನ ಸೊಸೆ ಒಳ್ಳೆಯವಳು ಎಂದೋ, ಊಟ ಮಾಡಿಕೊಂಡು ಹೋಗಿ ಎಂದೋ. ನಾನು ಬಾಯಿ ತೆರೆದೆ. ಅಷ್ಟು ಹೊತ್ತಿನಿಂದ ತೆರೆದು ತೆರೆದು ಅಭ್ಯಾಸವಾಗಿತ್ತು. ಮಾತು ಮಾತ್ರ ಬರಲಿಲ್ಲ. ಅಕ್ಕ, "ಊಟ ಮಾಡ್ಕಂಡ್ ಹೋಗ್ಬೇಕಂತೆ," ಎಂದು ನನ್ನ ಪರವಾಗಿ ಹೇಳಿದಳು. ಅವರು ಒಪ್ಪಿ, ನಮ್ಮ ಮನೆಗೆ ಬಂದು ರಾಗಿಮುದ್ದೆ ಉಂಡರು.

ಸೋಮವಾರ ನಾನೂ ಕೋಣೆಗೆ ಹೋಗಿದ್ದೆ, ಹೊರಗಿನ ಬೆಂಚಿನ ಮೇಲೆ ಕೂತಿರಲು. ರಾಂಪುರದ ಕಡೆಯ ಒಬ್ಬ ಹೆಂಗಸು ಮೊದಲು ಬಂದರು, ನನ್ನಷ್ಟೇ ವಯಸ್ಸು. ನನ್ನನ್ನು ನೋಡಿ, "ನೋಯ್ತೈತಾ ಅಕ್ಕ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಒಳಗೆ ಹೋದರು. ಬಾಗಿಲ ಸಂದಿಯಿಂದ ನಿಮ್ಮವ್ವನ ದನಿ ಕೇಳುತ್ತಿತ್ತು. ಕಿವಿಗೆ ಯಾಕೆ ತಂತಿ ಹಾಕುತ್ತಾರೆಂದು ನಿಧಾನವಾಗಿ ತಿಳಿಸಿದಳು. ಆಮೇಲೆ, "ಅಮ್ಮಾ, ಸೆರಗು ತಲೆ ಮ್ಯಾಲೆ ಬೇಕಾ? ಬೇಕಾದ್ರೆ ಹೇಳ್ರಿ, ನಾಚ್ಕಬ್ಯಾಡ್ರಿ, ತಂತಿ ಮ್ಯಾಲೇ ಹಾಕ್ತೀನಿ," ಎಂದಳು.

ಆ ಹೆಂಗಸು ಏನು ಹೇಳಿದರೋ ಕೇಳಿಸಲಿಲ್ಲ. ಅವರೂ ಮೆಲ್ಲಗೆ ಮಾತಾಡುವವರು. ಕೆಳಗೆ ಗಾಣ ಓಡುತ್ತಿತ್ತು, ಮೆಟ್ಟಿಲ ತನಕ ಶೇಂಗಾ ಹುರಿದ ವಾಸನೆ. ನಾನು ಎದ್ದು, ನೀವು ಶಾಲೆಯಿಂದ ಬರುವ ಹೊತ್ತಾಯಿತೆಂದು ಮನೆಗೆ ಹೊರಟೆ. ದಾವಣಗೆರೆ ಬಸ್ಸಿನ ಕಾಟ ಮುಗಿದಿತ್ತಲ್ಲ, ಆವತ್ತು ಸಂಜೆ ನಿಮಗೆ ರೊಟ್ಟಿ ತಟ್ಟಿದ್ದು ನಿಮ್ಮವ್ವ.